ಯಾವುದಮ್ಮ ನಿಮ್ಮ ರಾಗಿ?

ಮದುವೆ ಮನೆಗಳಲ್ಲಿ ಎಲೆ ಹಾಕುವುದಕ್ಕೆ ಮುಂಚೆ ಹೆಂಗಸರು ಗುಂಪು ಕೂತು ಪರಿಚಯ ಹೇಳಿಕೊಳ್ಳುವಾಗ ನನ್ನ ಸರದಿ ಬಂದರೆ ನನಗೆ ಸ್ವಲ್ಪ ಕಷ್ಟ. ಟೀಚರ್ ಆಗಿದ್ದೆ, ಬ್ಯಾಂಕಿನಲ್ಲಿದ್ದೆ ಎಂದವರಿಗೆ ಮುಂದಿನ ವಿವರಣೆ ಬೇಕಿಲ್ಲ. ನಾನು ‘ರಾಗಿ ತಳಿ ಅಭಿವೃದ್ಧಿಯಲ್ಲಿದ್ದೆ’ ಎಂದರೆ ಒಂದು ಕ್ಷಣ ಮಾತು ನಿಲ್ಲುತ್ತದೆ. ಕೆಲವರು ಅದನ್ನು ಗೊಬ್ಬರದ ಡಿಪೋ ಎಂದುಕೊಳ್ಳುತ್ತಾರೆ, ಕೆಲವರು ಹಿಟ್ಟಿನ ಫ್ಯಾಕ್ಟರಿ ಎಂದುಕೊಳ್ಳುತ್ತಾರೆ. ಸ್ವಲ್ಪ ತಿಳಿದವರು ಕೇಳುವ ಪ್ರಶ್ನೆ ಮಾತ್ರ ಒಂದೇ: ‘ಹಾಗಾದ್ರೆ ನೀವು ಮಾಡಿದ ರಾಗಿ ಯಾವುದು?’

ಯಾವುದೂ ಇಲ್ಲ. 1979ರಲ್ಲಿ ಕೆಲಸಕ್ಕೆ ಸೇರಿ 2013ರಲ್ಲಿ ನಿವೃತ್ತಳಾದೆ. ಈ ಮೂವತ್ತನಾಲ್ಕು ವರ್ಷಗಳಲ್ಲಿ ನಾನು ಬೆಳೆಸಿ, ನೋಡಿ, ತೂಗಿ, ಬರೆದಿಟ್ಟ ರಾಗಿ ಎಷ್ಟು ಬಗೆಯದೋ ಲೆಕ್ಕವಿಲ್ಲ. ಆದರೆ ಬೀಜದ ಚೀಲದ ಮೇಲೆ ಅಚ್ಚಾದ ಒಂದು ತಳಿಯೂ ನನ್ನ ಕೈಯಿಂದ ಹೊರಗೆ ಹೋಗಲಿಲ್ಲ. ಇದನ್ನು ಕೇಳಿದವರ ಮುಖ ಸಣ್ಣಗಾಗುತ್ತದೆ. ಪಾಪ, ಅವರಿಗೆ ನನ್ನ ಮೇಲೆ ಕನಿಕರ. ನಮ್ಮ ಕಸುಬಿನಲ್ಲಿ ಇದು ಅಂಥ ವಿಶೇಷವೇನಲ್ಲ ಎಂದು ಊಟಕ್ಕೆ ಕರೆಯುವುದರೊಳಗೆ ಹೇಳಿ ಮುಗಿಸುವುದು ಹೇಗೆ? ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಸೀಮೆಯಲ್ಲಿ ಈ ಪ್ರಶ್ನೆಗೆ ಎದೆ ತಟ್ಟಿ ಉತ್ತರ ಹೇಳಬಹುದಾಗಿದ್ದವರು ಒಬ್ಬರಿದ್ದರು. ಸಿ. ಎಚ್. ಲಕ್ಷ್ಮಣಯ್ಯನವರು. ‘ರಾಗಿ ಲಕ್ಷ್ಮಣಯ್ಯ’ ಎಂದರೇ ಜನಕ್ಕೆ ಗೊತ್ತು. ಮಂಡ್ಯದ ವಿ. ಸಿ. ಫಾರಂನಲ್ಲಿ ಕೂತು ಮೊದಲು ನಮ್ಮ ನಾಡಿನ ರಾಗಿಗಳನ್ನೇ ಒಂದರೊಡನೊಂದು ಸೇರಿಸಿ ಅರುಣ, ಉದಯ, ಪೂರ್ಣ, ಅನ್ನಪೂರ್ಣ, ಕಾವೇರಿ, ಶಕ್ತಿ ಎಂಬ ತಳಿಗಳನ್ನು ಕೊಟ್ಟರು. ಹೆಸರುಗಳನ್ನು ಓದಿದರೆ ಯಾರದೋ ಮನೆಯ ಮಕ್ಕಳನ್ನು ಕರೆದ ಹಾಗಿಲ್ಲವೇ? 1960ರ ದಶಕದಲ್ಲಿ ಅವರು ಆಫ್ರಿಕದ ರಾಗಿಯ ಕಡೆ ತಿರುಗಿದರು. ರಾಗಿಯ ತವರೇ ಅದು ನೋಡಿ. ಸಾವಿರಾರು ವರ್ಷಗಳ ಹಿಂದೆ ಪೂರ್ವ ಆಫ್ರಿಕದ ಎತ್ತರದ ಸೀಮೆಯಿಂದ ನಮ್ಮಲ್ಲಿಗೆ ಬಂದ ಕಾಳು ಇದು. ಅಲ್ಲಿನ ರಾಗಿಗೆ ಗಟ್ಟಿ ಕಡ್ಡಿ, ಮುಷ್ಟಿ ಕಟ್ಟಿದಂಥ ದಪ್ಪ ತೆನೆ. ನಮ್ಮದಕ್ಕೆ ತೆಂಡೆ ಹೆಚ್ಚು, ಬೇಗ ಕೊಯ್ಲಿಗೆ ಬರುವ ಗುಣ. ತವರು ಬಿಟ್ಟು ಬಂದ ಮಗಳ ಸಂತಾನಕ್ಕೂ ತವರಿನವರಿಗೂ ಮತ್ತೆ ಸಂಬಂಧ ಬೆಳೆಸಿದ ಹಾಗೆ ಎರಡನ್ನೂ ಕೂಡಿಸಿದರು. ಇಂಡಿಯಾದ ‘ಇಂಡ್’, ಆಫ್ರಿಕದ ‘ಆಫ್’ ಸೇರಿ ‘ಇಂಡಾಫ್’ ಆಯಿತು. ನಾನು ಕೆಲಸಕ್ಕೆ ಸೇರುವ ಹೊತ್ತಿಗೆ ಇಂಡಾಫ್ ರಾಗಿ ಹೊಲ ಹೊಲದಲ್ಲೂ ನಿಂತಿತ್ತು. ನಮ್ಮಂಥ ಹೊಸಬರಿಗೆ ಅದು ಸ್ಫೂರ್ತಿಯೂ ಹೌದು, ಭಯವೂ ಹೌದು. ಅಷ್ಟೆಲ್ಲ ಆಗಿಹೋದ ಮೇಲೆ ನಾವು ಮಾಡುವುದಕ್ಕೇನು ಉಳಿದಿದೆ ಎನ್ನಿಸುತ್ತಿತ್ತು.

ಉಳಿದಿತ್ತು, ಬೇಕಾದಷ್ಟು. ಅದಕ್ಕೆ ಮೊದಲು ರಾಗಿಯ ಹೂವಿನ ವಿಷಯ ಹೇಳಬೇಕು.

ರಾಗಿಗೆ ಹೂವಿದೆಯೇ ಎಂದು ಕೇಳಬೇಡಿ. ಇದೆ, ನಮ್ಮ ಕಣ್ಣಿಗೆ ಬೀಳುವುದಿಲ್ಲ ಅಷ್ಟೆ. ಸಾವಿರ ಕಾಳು ತೂಗಿದರೆ ಎರಡೂವರೆ ಮೂರು ಗ್ರಾಂ ಬರುವ ಧಾನ್ಯದ ಹೂವು ಎಷ್ಟಿರಬಹುದು, ನೀವೇ ಊಹಿಸಿ. ಅದರಲ್ಲಿ ಮೂರು ಕೇಸರ. ಹೂವು ಅರಳುವುದು ರಾತ್ರಿ ಒಂದು ಗಂಟೆಯಿಂದ ಬೆಳಗಿನ ಜಾವ ಐದರೊಳಗೆ. ಅರಳುವಾಗಲೇ ತನ್ನ ಪರಾಗವನ್ನು ತಾನೇ ಹಚ್ಚಿಕೊಂಡುಬಿಡುತ್ತದೆ. ಬೇರೆ ಗಿಡದ ಪರಾಗಕ್ಕೆ ಕಾಯುವ ಜಾತಿಯಲ್ಲ. ಇಂಥ ಸ್ವಾಭಿಮಾನಿಗೆ ಸಂಬಂಧ ನೋಡುವುದು ಸುಲಭವಲ್ಲ. ಚಿಮುಟದಿಂದ ಒಂದೊಂದು ಹೂವಿನ ಕೇಸರ ಕೀಳುವುದು ಒಂದು ದಾರಿ. ಕತ್ತು ಕಣ್ಣು ಎರಡೂ ಹೋಗುತ್ತವೆ. ಇನ್ನೊಂದು ದಾರಿ, ತಾಯಿ ತೆನೆಯನ್ನೂ ತಂದೆ ತೆನೆಯನ್ನೂ ಒಂದಕ್ಕೊಂದು ತಾಗುವಂತೆ ಕಟ್ಟಿ ಬೆಣ್ಣೆ ಕಾಗದದ ಲಕೋಟೆ ತೊಡಿಸಿ, ಹೂ ಅರಳುವ ಹೊತ್ತಿಗೆ ಹೋಗಿ ಮೆಲ್ಲಗೆ ಅಲ್ಲಾಡಿಸುವುದು. ಹೀಗೆ ಮಾಡಿದಾಗಲೂ ಹೆಚ್ಚಿನ ಕಾಳು ತಾಯಿಯದೇ ಆಗಿರುತ್ತದೆ. ನಿಜವಾಗಿ ಕೂಡಿದ್ದು ಯಾವುದು ಎಂದು ಗುರುತಿಸಲು ಹಿರಿಯರು ಒಂದು ಉಪಾಯ ಕಂಡುಕೊಂಡಿದ್ದರು. ತಾಯಿಯಾಗಿ ಹಸಿರು ಗಿಡ, ತಂದೆಯಾಗಿ ನೇರಳೆ ಬಣ್ಣದ ಗಿಡ ಆರಿಸುವುದು. ನೇರಳೆಯದು ಮೇಲುಗೈ. ಮುಂದಿನ ಬಿತ್ತನೆಯಲ್ಲಿ ನೂರಾರು ಹಸಿರು ಪೈರಿನ ನಡುವೆ ಎಲ್ಲೋ ಒಂದೊಂದು ನೇರಳೆ ಛಾಯೆಯದು ಕಂಡರೆ ಅದೇ ನಮ್ಮ ಕೂಸು. ಪಾತಿಯ ಪಕ್ಕ ಕುಕ್ಕರಗಾಲಲ್ಲಿ ಕೂತು ಆ ಬಣ್ಣ ಹುಡುಕುವ ಸುಖ ಇದೆಯಲ್ಲ, ಅದನ್ನು ನಾನು ಯಾವ ಬಡ್ತಿಗೂ ಬದಲು ಕೊಡುತ್ತಿರಲಿಲ್ಲ. (ಬಡ್ತಿಯೂ ಅಷ್ಟಾಗಿ ಬರಲಿಲ್ಲ ಎನ್ನಿ, ಅದು ಬೇರೆ ಮಾತು.)

ಬೆಳಗಿನ ಜಾವ ಮೂರು ಗಂಟೆಗೆ ಹೆಣ್ಣುಮಗಳೊಬ್ಬಳು ಹೊಲದಲ್ಲಿರಬೇಕು ಎನ್ನುವುದೇ ಆ ಕಾಲದಲ್ಲಿ ದೊಡ್ಡ ಸಮಸ್ಯೆಯಾಯಿತು. ಮೇಲಧಿಕಾರಿಯೊಬ್ಬರು, ಒಳ್ಳೆಯ ಮಾತಿನಲ್ಲೇ, ‘ನಿಮಗ್ಯಾಕಮ್ಮ ಈ ಕಷ್ಟ, ಹುಡುಗರು ಮಾಡ್ತಾರೆ, ನೀವು ಅಂಕಿ ಅಂಶ ಬರ್ಕೊಳ್ಳಿ’ ಎಂದರು. ಅಂಕಿ ಬರೆಯುವವಳ ಹೆಸರು ಸಂಕರ ಮಾಡಿದವರ ಪಟ್ಟಿಯಲ್ಲಿ ಬರುವುದಿಲ್ಲ ಎಂದು ನನಗೆ ಗೊತ್ತಿತ್ತು. ಮನೆಯಲ್ಲಿ ಹೇಳಿದೆ. ನಮ್ಮ ಯಜಮಾನರು ಏನೂ ಮಾತಾಡಲಿಲ್ಲ. ಆ ರಾತ್ರಿ ಎರಡೂವರೆಗೆ ಎದ್ದು ಸ್ಕೂಟರ್ ಹೊರಗೆ ತೆಗೆದರು. ಆಮೇಲೆ ಎಷ್ಟೋ ಮುಂಗಾರುಗಳಲ್ಲಿ ಹೂವಿನ ಎಂಟು ಹತ್ತು ದಿನ ಅವರು ಬದುವಿನ ಮೇಲೆ ಟಾರ್ಚ್ ಹಿಡಿದು ಕೂತಿರುತ್ತಿದ್ದರು. ಕುಳಿತಲ್ಲೇ ತೂಕಡಿಸಿ ಟಾರ್ಚ್ ಆಕಾಶಕ್ಕೆ ಬಿಡುತ್ತಿದ್ದರು ಎನ್ನುವುದೂ ನಿಜ.

ಇಷ್ಟೆಲ್ಲ ಮಾಡಿ ಕೂಡಿಸಿದ್ದು ತಳಿಯಾಗುವುದಿಲ್ಲ. ಎರಡನೆಯ ಪೀಳಿಗೆಯಲ್ಲಿ ಅಜ್ಜ ಅಜ್ಜಿಯರ ಗುಣಗಳೆಲ್ಲ ಚೆಲ್ಲಾಪಿಲ್ಲಿಯಾಗಿ ಹೊರಬೀಳುತ್ತವೆ. ಒಂದು ಗಿಡ್ಡ, ಒಂದು ಉದ್ದ, ಒಂದರ ತೆನೆ ಬಿಚ್ಚಿದ್ದು, ಇನ್ನೊಂದರದು ಮುಚ್ಚಿದ್ದು. ಅಲ್ಲಿಂದ ನಮ್ಮ ನಿಜವಾದ ಉದ್ಯೋಗ ಶುರು. ಅದು ಬಿಸಾಡುವ ಉದ್ಯೋಗ. ಸಾವಿರ ಗಿಡ ನೋಡಿ ಐವತ್ತು ಇಟ್ಟುಕೊಳ್ಳುವುದು, ಮುಂದಿನ ವರ್ಷ ಅವುಗಳ ಸಾಲಿನಲ್ಲಿ ಹತ್ತು ಇಟ್ಟುಕೊಳ್ಳುವುದು. ಗುಣ ನಿಲ್ಲಲು ಐದಾರು ಪೀಳಿಗೆ ಬೇಕು. ಆಮೇಲೆ ಕೇಂದ್ರದ ತಾಕಿನಲ್ಲಿ ಪರೀಕ್ಷೆ, ಬೇರೆ ಬೇರೆ ಊರುಗಳಲ್ಲಿ ಪರೀಕ್ಷೆ, ರೈತರ ಹೊಲದಲ್ಲಿ ಪರೀಕ್ಷೆ. ಹತ್ತು ಹನ್ನೆರಡು ವರ್ಷ ಎಂದರೆ ಸಾಮಾನ್ಯ. ಮಗು ಹುಟ್ಟಿದ ವರ್ಷ ಹಾಕಿದ ಸಂಕರದ ಫಲ ಮಗು ಹೈಸ್ಕೂಲಿಗೆ ಹೋಗುವಾಗ ತಿಳಿಯುತ್ತದೆ.

ಏನನ್ನು ನೋಡಿ ಇಟ್ಟುಕೊಳ್ಳುವುದು, ಏನನ್ನು ನೋಡಿ ಬಿಸಾಡುವುದು? ನಮ್ಮ ಫೀಲ್ಡ್ ಬುಕ್ಕಿನಲ್ಲಿ ಕಾಲಂಗಳಿದ್ದವು. ಎತ್ತರ, ತೆಂಡೆ ಎಷ್ಟು, ತೆನೆಗೆ ಬೆರಳೆಷ್ಟು, ಎಷ್ಟು ದಿನಕ್ಕೆ ಹೂ, ಎಷ್ಟು ದಿನಕ್ಕೆ ಕೊಯ್ಲು, ಕಾಳಿನ ಇಳುವರಿ, ಹುಲ್ಲು, ರೋಗ. ಎಲ್ಲ ಬೇಕಾದ್ದೇ. ಆದರೆ ನಮ್ಮ ತಾಕಿಗೆ ಕಳೆ ಕೀಳಲು ಬರುತ್ತಿದ್ದ ಒಬ್ಬ ಹಿರಿಯ ಹೆಂಗಸಿನ ಕಾಲಂಗಳೇ ಬೇರೆ. ಎಲ್ಲರೂ ಆಕೆಯನ್ನು ದೊಡ್ಡವ್ವ ಎನ್ನುತ್ತಿದ್ದರು. ಆಕೆ ಒಂದು ತೆನೆ ಕಿತ್ತು ಅಂಗೈಯಲ್ಲಿ ಉಜ್ಜಿ, ಉಫ್ ಎಂದು ಊದಿ, ಉಳಿದ ಕಾಳನ್ನು ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ‘ಇದು ಕಣದಲ್ಲಿ ಹೊಟ್ಟು ಬಿಡಾಕಿಲ್ಲ ಕಣವ್ವ, ಬಡಿದೂ ಬಡಿದೂ ರಟ್ಟೆ ಬಿದ್ದೋಯ್ತದೆ’ ಎನ್ನುವಳು. ಇನ್ನೊಂದನ್ನು ಅಗಿದು, ‘ಇದು ಮುದ್ದೆಗಾಗಾಕಿಲ್ಲ, ಅಂಬಲಿಗೆ ಸೈ’ ಎನ್ನುವಳು. ಇಳುವರಿ ಹೊತ್ತು ತರುವವನು ಗಂಡಸು, ಅದನ್ನು ಬಡಿದು, ಕೇರಿ, ಬೀಸಿ, ತೊಳಸಿ ತಟ್ಟೆಗೆ ಹಾಕುವವಳು ಹೆಂಗಸು. ಹಿಂದಿನವರು ಕರಿಗಿಡ್ಡ, ಹಸಿರುಕಂಬಿ, ಜೇನುಮುದ್ದೆ ಎಂದು ಬಗೆಬಗೆಯ ರಾಗಿ ಇಟ್ಟುಕೊಂಡಿದ್ದದ್ದು ಸುಮ್ಮನೆ ಅಲ್ಲ.

ಅಲ್ಲಿಂದ ನಾನು ಕೊನೆಯ ಹಂತಕ್ಕೆ ಬಂದ ಸಾಲುಗಳ ರಾಗಿಯನ್ನು ಒಂದೊಂದು ಸೇರಿನಷ್ಟು ಮನೆಗೆ ತರತೊಡಗಿದೆ. ಡಬ್ಬಿಗೆ ನಂಬರು ಅಂಟಿಸಿ ಇಡುತ್ತಿದ್ದೆ. ನಮ್ಮ ಅತ್ತೆಗೆ ನಂಬರಿನ ಗೊಡವೆ ಬೇಡ. ದಿನಕ್ಕೊಂದು ಡಬ್ಬಿಯ ಹಿಟ್ಟಿನಲ್ಲಿ ಮುದ್ದೆ ತೊಳಸಿ ತೀರ್ಪು ಹೇಳುತ್ತಿದ್ದರು, ನಾನು ಅವರ ಮಾತಿನಲ್ಲೇ ಬರೆದುಕೊಳ್ಳುತ್ತಿದ್ದೆ. ‘ಹಿಟ್ಟು ನೀರು ಕುಡಿಯುತ್ತೆ.’ ‘ಆರಿದ ಮೇಲೆ ಬಿರುಕು ಬಿಡುತ್ತೆ.’ ‘ರಾತ್ರಿಗೆ ಸರಿ, ಬೆಳಿಗ್ಗೆ ತಂಗಳಿಗೆ ಆಗಲ್ಲ.’ ‘ಇದು ಯಾರೇ ಮಾಡಿದ್ದು, ಅಂಟಿನ ಉಂಡೆ ಇದ್ದ ಹಾಗಿದೆ!’ ಮಾಡಿದವಳು ಎದುರಿಗೇ ಕೂತಿದ್ದೆ. ಈ ಟಿಪ್ಪಣಿಗಳನ್ನು ಒಮ್ಮೆ ವಾರ್ಷಿಕ ಸಭೆಯಲ್ಲಿ ಓದಿದಾಗ ಎಲ್ಲರೂ ನಕ್ಕರು. ಕೆಟ್ಟ ನಗುವಲ್ಲ, ಆದರೂ ವರದಿಗೆ ಅದು ಸೇರಲಿಲ್ಲ.

ಈಗ ಆ ಒಂದು ಸಾಲಿನ ಮಾತು. 1984ರ ಮುಂಗಾರಿನಲ್ಲಿ ಕೂಡಿಸಿದ್ದು. ನಂಬರಷ್ಟೇ ಇತ್ತು, ಹೆಸರು ಬಿಡುಗಡೆಯಾದ ಮೇಲೆ ತಾನೇ? ತೆಂಡೆ ಹೆಚ್ಚಿಲ್ಲ, ಆದರೆ ತೆನೆ ಭಾರ. ಹುಲ್ಲೂ ಉದ್ದ, ರಾಸುಗಳಿರುವ ಮನೆಯವರಿಗೆ ಅದು ಕಾಳಿನಷ್ಟೇ ಮುಖ್ಯ. ದೊಡ್ಡವ್ವ ಉಜ್ಜಿ ಊದಿ ‘ಆಗಲಿ’ ಎಂದಿದ್ದಳು. ಅತ್ತೆ ಎರಡನೆಯ ಮುದ್ದೆ ಕೇಳಿ ಹಾಕಿಸಿಕೊಂಡಿದ್ದರು. 1993, 1994, ಎರಡು ವರ್ಷ ಬೇರೆ ಬೇರೆ ಊರುಗಳ ಪರೀಕ್ಷೆಯಲ್ಲಿ ಚೆನ್ನಾಗಿ ಬಂತು. ಮೂರನೆಯ ವರ್ಷ ತೆನೆ ಹೊರಡುವ ಹೊತ್ತಿಗೆ ಒಂದು ಊರಿನಲ್ಲಿ ಮಳೆ, ಮೋಡ, ಮಂಜು ಬಿಡದೆ ಹಿಡಿಯಿತು. ಬೆಂಕಿ ರೋಗಕ್ಕೆ ಹೇಳಿ ಮಾಡಿಸಿದ ಹವೆ. ಈ ಶಿಲೀಂಧ್ರ ಎಲೆಗೆ ಬಂದರೆ ಹೇಗೋ ತಡೆಯಬಹುದು, ತೆನೆಯ ಕುತ್ತಿಗೆಗೆ ಬಂದರೆ ಮುಗಿಯಿತು. ಕತ್ತು ಕಪ್ಪಾಗಿ, ಕೆಳಗಿನ ಸಾರ ಮೇಲಕ್ಕೆ ಹತ್ತದೆ, ತೆನೆ ನಿಂತಲ್ಲೇ ಜೊಳ್ಳಾಗುತ್ತದೆ. ನಾನು ಹೋಗಿ ನೋಡುವ ಹೊತ್ತಿಗೆ ನನ್ನ ತಾಕು ದೂರಕ್ಕೆ ಮಾಗಿದ ಹಾಗೇ ಕಾಣುತ್ತಿತ್ತು. ಕೈಯಲ್ಲಿ ಹಿಡಿದರೆ ತೂಕವಿಲ್ಲ.

ಸಭೆಯಲ್ಲಿ ಅದನ್ನು ಕೈಬಿಟ್ಟರು. ನನ್ನನ್ನೂ ಕೇಳಿದರು, ನಾನೂ ಕೈಬಿಡಿ ಎಂದೆ. ಸಾಲ ತಂದು ಬಿತ್ತುವವನ ಕೈಗೆ ಮೂರು ವರ್ಷಕ್ಕೊಮ್ಮೆ ಜೊಳ್ಳಾಗುವ ರಾಗಿ ಕೊಡುವುದುಂಟೇ? ಫೀಲ್ಡ್ ಬುಕ್ಕಿನಲ್ಲಿ ಆ ನಂಬರಿನ ಮೇಲೆ ನಾನೇ ಗೆರೆ ಎಳೆದೆ. ಹನ್ನೊಂದು ವರ್ಷ. ಬಸ್ಸಿನಲ್ಲಿ ಬರುವಾಗ ಅಳು ಬರಲಿಲ್ಲ, ಹಸಿವಾಯಿತು. ಅತ್ತೆಗೆ ಹೇಳಿದಾಗ ಅವರು ‘ಮುದ್ದೆ ಚೆನ್ನಾಗಿತ್ತಲ್ಲೇ’ ಎಂದು ಎರಡು ಮೂರು ಸಲ ಅಂದರು, ಹೋದವರ ಬಗ್ಗೆ ಮಾತಾಡುವ ಹಾಗೆ.

ಬೆಂಕಿ ರೋಗಕ್ಕೆ ಬಗ್ಗದ ರಾಗಿ ಕೊನೆಗೂ ಬಂತು, ಬೇರೆಯವರ ಕೈಯಿಂದ. 1990ರ ದಶಕದಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ಜಿಕೆವಿಕೆ ಆವರಣದಲ್ಲಿ ಸಿದ್ಧವಾದ ಜಿಪಿಯು-28. ರೈತರ ಬಾಯಲ್ಲಿ ಬರೇ ‘ಇಪ್ಪತ್ತೆಂಟು’. ಅದರ ವಂಶಾವಳಿ ತೆಗೆದರೆ ಇಂಡಾಫ್-5 ಇದೆ, ಇಂಡಾಫ್-9 ಇದೆ, ಆಫ್ರಿಕದ ಇನ್ನೊಂದು ರಾಗಿಯೂ ಇದೆ. ಲಕ್ಷ್ಮಣಯ್ಯನವರು 1993ರಲ್ಲೇ ತೀರಿಕೊಂಡಿದ್ದರು. ಆಮೇಲೆ ಎಂಎಲ್-365 ಬಂದಾಗ ಅದು ಬರ ತಡೆಯುತ್ತದೆ ಎಂಬ ಮಾತಿನ ಜೊತೆಗೆ ಅಡುಗೆಗೂ ಚೆನ್ನ ಎಂಬ ಮಾತೂ ಕೇಳಿಬಂತು. ಆ ಮಾತು ಕಿವಿಗೆ ಬಿದ್ದ ದಿನ ನಾನು ನಮ್ಮ ಅತ್ತೆಯ ಫೋಟೋ ಒರೆಸಿ ಇಟ್ಟೆ.

ಗೆರೆ ಎಳೆದದ್ದೆಲ್ಲ ಬೂದಿಯಾಗುವುದಿಲ್ಲ ಎಂಬುದನ್ನೂ ಹೇಳಬೇಕು. ಆ ಸಾಲಿನ ಒಂದು ಹಿಡಿ ಬೀಜ ಒಣಗಿಸಿ, ಪೊಟ್ಟಣ ಕಟ್ಟಿ, ಶೀತಲ ಕೋಣೆಯ ಸಂಗ್ರಹಕ್ಕೆ ಕೊಟ್ಟಿದ್ದೆ. ಅಲ್ಲಿ ಸಾವಿರಾರು ರಾಗಿಗಳಿವೆ. ಎಷ್ಟೋ ವರ್ಷಕ್ಕೊಮ್ಮೆ ಹೊರಗೆ ತೆಗೆದು ಒಂದೆರಡು ಸಾಲು ಬಿತ್ತಿ ಹೊಸ ಬೀಜ ಮಾಡಿಡಬೇಕು, ಇಲ್ಲದಿದ್ದರೆ ಮೊಳೆಯುವ ಶಕ್ತಿ ಹೋಗುತ್ತದೆ. ನಿವೃತ್ತಿಗೆ ಮುಂಚೆ ಒಮ್ಮೆ ಅದರ ಸರದಿ ಬಂತು. ಆಗ ಸೇರಿದ್ದ ಹುಡುಗಿಯೊಬ್ಬಳು ಬಿತ್ತಿದಳು. ‘ಮೇಡಂ, ಇದರ ಹುಲ್ಲು ಎಷ್ಟು ಉದ್ದ! ಯಾವುದಕ್ಕಾದ್ರೂ ಕೂಡಿಸಬಹುದಲ್ವಾ?’ ಎಂದಳು. ಕೂಡಿಸು, ಆದರೆ ಕುತ್ತಿಗೆ ನೋಡಿಕೋ ಎಂದೆ.

ನಾನು ಸೇರಿದಾಗ ರಾಗಿ ಬಡವರ ಊಟ. ಪೇಟೆಯ ನೆಂಟರು ಬಂದರೆ ಅನ್ನ ಮಾಡಿ ಮುದ್ದೆಯ ಪಾತ್ರೆಯನ್ನು ಮರೆಗೆ ಸರಿಸುತ್ತಿದ್ದ ಕಾಲ. 2023ನ್ನು ವಿಶ್ವಸಂಸ್ಥೆಯೇ ಕಿರುಧಾನ್ಯಗಳ ವರ್ಷ ಎಂದು ಆಚರಿಸಿತು. ನೂರು ಗ್ರಾಂ ರಾಗಿಯಲ್ಲಿ ಮುನ್ನೂರು ಮಿಲಿಗ್ರಾಂಗೂ ಮೇಲೆ ಸುಣ್ಣದ ಅಂಶ ಇದೆಯೆಂದು ಡಾಕ್ಟರರೇ ಹೇಳಿ ಕಳಿಸುತ್ತಾರೆ. ಅಂಗಡಿಯಲ್ಲಿ ರಾಗಿ ಬಿಸ್ಕತ್ತಿನ ಬೆಲೆ ಕೇಳಿ ನನಗೇ ತಲೆ ತಿರುಗಿತು. ಆದರೆ ಹಿಟ್ಟಿನ ಪೊಟ್ಟಣದ ಮೇಲೆ ಎಲ್ಲ ಬರೆದಿದ್ದರೂ ಅದು ಯಾವ ರಾಗಿ ಎಂದು ಬರೆದದ್ದನ್ನು ನಾನು ಈವರೆಗೆ ಕಂಡಿಲ್ಲ. ಮಾವು ಕೊಳ್ಳುವಾಗ ರಸಪುರಿಯೋ ಬಾದಾಮಿಯೋ ಎಂದು ಕೇಳುವ ನಾವು ರಾಗಿಯನ್ನು ಕೇಳುವುದಿಲ್ಲ.

ಹೋದ ತಿಂಗಳು ನಮ್ಮ ಬೀದಿಯ ಮಿಲ್ಲಿನ ಪಕ್ಕದ ಅಂಗಡಿಯಲ್ಲಿ ಮೂಟೆ ಬಿಚ್ಚಿದ್ದರು. ಯಾವ ತಳಿಯಪ್ಪ ಎಂದೆ. ‘ರಾಗಿ ರಾಗೀನೇ ಅಲ್ವಾ ಅಮ್ಮ’ ಎಂದು ನಕ್ಕ. ಒಂದು ಹಿಡಿ ತೆಗೆದು ಅಂಗೈಯಲ್ಲಿ ಹರಡಿ ನೋಡಿದೆ. ಎರಡು ಮೂರು ಬಗೆ ಬೆರೆತಿತ್ತು. ಹೆಚ್ಚಿನದು ಇಪ್ಪತ್ತೆಂಟೇ ಇರಬೇಕು. ನಾಲ್ಕು ಕೆ.ಜಿ. ಕೊಂಡು, ಕಲ್ಲು ಆರಿಸಿ, ಮರುದಿನ ಬೀಸಿಸಿಕೊಂಡು ಬಂದೆ.