ಅವ್ವ ನಡುವೆ ಕೂತ ಫೋಟೋ

ಮಾನ್ವಿಯ ತವರುಮನೆ ಕೆಡವುವುದು ನಿಶ್ಚಯವಾದಾಗ, ಅಡುಗೆಮನೆಯ ಒಂದು ಫೋಟೋ ಇರಲಿ ಅನ್ನಿಸಿತು. ಎಂಟಡಿಯ ಕೋಣೆ. ಗೋಡೆಗೆ ಬೆನ್ನು ಹಚ್ಚಿ ನಿಂತರೂ ಒಲೆ ಬಂದರೆ ಗೂಡು ಬರದು. ನನ್ನ ಮಿರರ್‌ಲೆಸ್ ಕ್ಯಾಮೆರಾಕ್ಕೆ ಇನ್ನೂ ಅಗಲ ನೋಟದ ಲೆನ್ಸ್ ಬೇಕಿತ್ತು.

ದೇವದುರ್ಗದಲ್ಲಿ ಮದುವೆಗಳಿಗೆ ಡ್ರೋನ್ ಹಾರಿಸುವ ತಮ್ಮ, "ಅಕ್ಕಾ, ಲಾವಾ 9 ಮಿ.ಮೀ. ತಗೋ. ಬರೇ 215 ಗ್ರಾಂ, ನನ್ನ ಡ್ರೋನಿಗೂ ಆಗ್ತದ" ಅಂದ. ವಿಚಾರಿಸಿದರೆ ಅವನ ಡ್ರೋನಿನ ಲೆನ್ಸ್ ಬಿಚ್ಚಲು ಬರುವುದೇ ಇಲ್ಲ. ಬರುವ ದೊಡ್ಡ ಡ್ರೋನುಗಳಿಗೆ ಮೌಂಟೇ ಬೇರೆ. ಮೇಲಾಗಿ ಫೋಕಸ್ ಕೈಯಿಂದಲೇ. ಹಾರಿದ ಮೇಲೆ ತಿರುಗಿಸುವವರು ಯಾರು? ನನ್ನ ಕ್ಯಾಮೆರಾಕ್ಕೆ ಹೊಂದುವುದನ್ನಷ್ಟೇ ತರಿಸಿದೆ.

ರಾಯಚೂರು ಕೋಟೆಯಲ್ಲಿ 1294ರ ಶಾಸನವಿರುವ, 41 ಅಡಿಗೂ ಉದ್ದದ ಕಲ್ಲಿನ ಮುಂದೆ ಪರೀಕ್ಷೆ ಮಾಡಿದೆ. ಕಲ್ಲು ಪೂರ್ತಿ ಬಂತು, ಅಂಚು ಬಾಗಲಿಲ್ಲ. ಆದರೆ ಚಿತ್ರದ ತುದಿಯಲ್ಲಿ ನಿಂತ ಹುಡುಗನ ಮುಖ ಎಳೆದಂತೆ ಅಗಲವಾಗಿತ್ತು.

ಮಾನ್ವಿಯಲ್ಲಿ ಅಪರ್ಚರ್ 8ಕ್ಕೆ, ಫೋಕಸ್ ಒಂದು ಮೀಟರಿಗೆ ಇಟ್ಟೆ. ಒಲೆ, ಗೂಡು, ಮಸಿ ಹಿಡಿದ ಗೋಡೆ ಎಲ್ಲ ಸ್ಪಷ್ಟ. ಅವ್ವ ಎಂದಿನಂತೆ ಬಾಗಿಲ ಮೂಲೆಯಲ್ಲಿ ಕೂತಿದ್ದಳು.

"ಅಲ್ಲಿ ಬ್ಯಾಡವ್ವಾ, ನಡುವೆ ಬಾ."

"ನಾ ಯಾಕ? ಒಲಿ ಕಾಣ್ಲಿ."

ಒತ್ತಾಯಿಸಿ ಕೂಡಿಸಿದೆ. ಆ ಮನೆಯಲ್ಲಿ ಅವ್ವ ನಡುವೆ ಕೂತದ್ದನ್ನು ನಾನು ಕಂಡದ್ದು ಅದೊಂದೇ ಸಲ.