ಮ್ಯಾಲ ಹೊಡೀಲೋ, ಕೆರದು ಹೊಡೀಲೋ?

ನಮ್ಮ ಹಳೆಯ ಜೀಪಿಗೆ ಬಣ್ಣ ಹೊಡೆಸಬೇಕೆಂದು ನಾನು ಬಾಯಿ ತಪ್ಪಿ ಹೇಳಿದ್ದೇ ತಡ, ಸಲಹೆಗಾರರು ಹುಟ್ಟಿಕೊಂಡರು. ನಮ್ಮ ಇಂಡಿಯಲ್ಲಿ ಮಳೆ ಕಡಿಮೆ, ಸಲಹೆ ಧಾರಾಳ.

ಬೆಂಗಳೂರಿನಲ್ಲಿರುವ ಮಗ ಫೋನಿನಲ್ಲಿ, “ಅಪ್ಪಾ, ಮಿಲಿಟರಿ ಹಸಿರು ಹೊಡಸು, ಗತ್ತು ಬರ್ತದ” ಎಂದ. ಆ ಗತ್ತಿಗೆ ಕಾಯ್ದೆ ಅಡ್ಡ ಬಂತು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಆಲಿವ್ ಹಸಿರು ರಕ್ಷಣಾ ಇಲಾಖೆಯ ವಾಹನಗಳಿಗೆ ಮಾತ್ರ ಮೀಸಲು. ಬೇರೆ ಬಣ್ಣ ಹೊಡೆಸಿದರೂ ಆರ್‌ಸಿಯಲ್ಲಿ ಬದಲಿಸಿಕೊಳ್ಳಬೇಕು. ಬಿಳಿಯ ಜೀಪು ಬಿಳಿಯಾಗಿಯೇ ಇರಲಿ ಎಂದುಕೊಂಡೆ. ಆದರೆ ಎಂಥ ಬಿಳಿ?

ಇಲ್ಲಿಯವರೆಗೆ ನನಗೆ ಬಣ್ಣವೆಂದರೆ ಡಬ್ಬಿಯೊಳಗಿನ ಬಣ್ಣ, ಅಷ್ಟೇ. ಕೇಳುತ್ತ ಹೋದಂತೆ ಅದರೊಳಗೂ ಪಂಗಡಗಳಿರುವುದು ತಿಳಿಯಿತು. ಇನಾಮಲ್ ಗಾಳಿಯೊಳಗಿನ ಆಮ್ಲಜನಕವನ್ನು ಹೀರಿಕೊಂಡು ನಿಧಾನವಾಗಿ ಗಟ್ಟಿಯಾಗುತ್ತದೆ. ಅಗ್ಗ, ಬ್ರಷ್ಷಿನಿಂದಲೂ ಹಚ್ಚಬಹುದು. ಆದರೆ ನಮ್ಮ ಬಿಸಿಲಿಗೆ ಕೆಲವೇ ವರ್ಷಗಳಲ್ಲಿ ಸುಣ್ಣದ ಗೋಡೆಯಂತೆ ಕೈಗೆ ಪುಡಿ ಹತ್ತುತ್ತದೆ. ಇನ್ನೊಂದು ಡ್ಯೂಕೋ. ನಮ್ಮಲ್ಲಿ ಮಷೀನಿನಿಂದ ಹೊಡೆದ ಬಣ್ಣಕ್ಕೆಲ್ಲ ಇದೇ ಹೆಸರು. ಅಸಲಿಗೆ ಅದು ಅಮೆರಿಕದ ಡುಪಾಂಟ್ ಕಂಪನಿಯ ನೈಟ್ರೋಸೆಲ್ಯುಲೋಸ್ ಬಣ್ಣ. 1924ರ ಮಾದರಿಯ ಓಕ್‌ಲೆಂಡ್ ಕಾರುಗಳ ಮೇಲೆ ಅದು ಬರುವ ಮೊದಲು ಒಂದು ಕಾರಿನ ಬಣ್ಣ ಮುಗಿಯಲು ವಾರಗಳೇ ಹಿಡಿಯುತ್ತಿದ್ದವು. ಮೂರನೆಯದು ಪಿಯು, ಅಂದರೆ ಪಾಲಿಯುರೆಥೇನ್. ಹಾರ್ಡನರ್ ಬೆರೆಸಿ ಹೊಡೆಯುವುದು. ಡೀಸೆಲ್ ಬಿದ್ದರೂ ಬಿಸಿಲು ಬಡಿದರೂ ಜಗ್ಗುವುದಿಲ್ಲ. ನನ್ನ ಮನಸ್ಸು ಪಿಯು ಕಡೆಗೇ ವಾಲಿತು.

ಗ್ಯಾರೇಜಿನ ಪೇಂಟರ್ ಚಾಚಾ ಜೀಪಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಮಡ್‌ಗಾರ್ಡಿನ ಅಂಚನ್ನು ಉಗುರಿನಿಂದ ತಟ್ಟಿ ಕೇಳಿದ: “ಮಾಸ್ತರ್ರ, ಮ್ಯಾಲ ಹೊಡೀಲೋ, ಕೆರದು ಹೊಡೀಲೋ?”

“ಮ್ಯಾಲ ಹೊಡದ್ರ ಏನಾಗ್ತದ?”

“ಒಳಗ ಎಲ್ಲಾ ಹಳೇ ಇನಾಮಲ್ ಐತ್ರಿ. ಅದರ ಮ್ಯಾಲ ಪಿಯು ಹೊಡದ್ರ ಥಿನ್ನರ್ ಕುಡದು ಮುದುಕರ ಚರ್ಮದಾಂಗ ಸುಕ್ಕು ಬರ್ತದ. ಬರೇ ಇನಾಮಲ್ ಹೊಡದ್ರ ಒಂದು ದಸರಾ ದಾಟ್ತದ. ಕೆರದ್ರ ಮಾತ್ರ ಏನೇನು ಹೊರಗ ಬರ್ತದೋ ನಾ ಹೇಳಾಂವಲ್ಲ.”

ಎರಡು ದಿನ ಯೋಚಿಸಿ “ಕೆರೀರಿ” ಎಂದೆ.

ಈ ಜೀಪನ್ನು ಅಪ್ಪ ಸರಕಾರಿ ಹರಾಜಿನಲ್ಲಿ ಹಿಡಿದು ತಂದದ್ದು. ಮಹೀಂದ್ರದವರು ವಿಲ್ಲೀಸ್ ಜೀಪುಗಳನ್ನು ಜೋಡಿಸತೊಡಗಿದರಲ್ಲ, ಆ ವಂಶದ ಕುಡಿ. ಲಿಂಬೆ ಚೀಲ ಹೇರಿಕೊಂಡು, ಎರೆಹೊಲದ ಕೆಸರಿನಲ್ಲಿ ಹೂತು, ಜಾಲಿಮುಳ್ಳಿನಿಂದ ಮೈಯೆಲ್ಲ ಗೀರಿಸಿಕೊಂಡು ದುಡಿಯಿತು. ಪ್ರತಿ ಮಹಾನವಮಿಗೆ, ಖಂಡೆ ಪೂಜೆಯ ಮೊದಲು, ಅಪ್ಪ ಬ್ರಷ್ಷು ಹಿಡಿದು ತಾವೇ ಒಂದು ಕೈ ಬಿಳಿ ಹಚ್ಚುತ್ತಿದ್ದರು. ಓಣಿಯಲ್ಲಿ ನಮ್ಮ ಜೀಪಿನಷ್ಟು ಹೊಳೆಯುವ ವಸ್ತು ಇನ್ನೊಂದಿರಲಿಲ್ಲ.

ಚಾಚಾ ಕೆರೆಯತೊಡಗಿದಾಗ ಬಿಳಿಯ ಕೆಳಗೆ ಬಿಳಿ, ಅದರ ಕೆಳಗೆ ಬಿಳಿ, ಕೊನೆಗೆ ಇಲಾಖೆಯ ಬೂದು ಬಂತು. ಡ್ರೈವರನ ಕಾಲಡಿಯಲ್ಲಿ ಮಾತ್ರ ಬೇರೆಯೇ ಕಥೆ. ಅಲ್ಲೊಂದು ತಗಡು ಹಾಸಿ, ರಿವೆಟ್ ಬಡಿದು, ಮೇಲೆ ದಪ್ಪಗೆ ಬಣ್ಣ ಬಳಿದಿತ್ತು. ತಗಡು ಎಬ್ಬಿಸಿದರೆ ಕೆಳಗೆ ನೆಲವೇ ಇಲ್ಲ! ತುಕ್ಕಿನ ಪುಡಿ, ಎರೆಮಣ್ಣು, ಅಷ್ಟೇ. “ನೀರು ಹೋಗೋ ತೂತು ಮುಚ್ಯಾರ್ರಿ” ಎಂದ ಚಾಚಾ. ತೂತು ಮುಚ್ಚಿದ್ದರಿಂದ ನೀರು ಒಳಗೇ ನಿಂತಿತ್ತು. ಎರೆಮಣ್ಣೋ, ಕುಡಿದ ನೀರನ್ನು ಸುಲಭಕ್ಕೆ ಬಿಡುವ ಜಾತಿಯಲ್ಲ. ಮೇಲಿನ ಬಣ್ಣ ಹೊಳೆಯುತ್ತಲೇ ಇತ್ತು, ಕಬ್ಬಿಣ ಒಳಗಿಂದ ಸವೆಯುತ್ತಲೇ ಇತ್ತು.

ಆ ತಗಡು ಬಡಿದ ವರ್ಷ ನನಗೆ ನೆನಪಿದೆ. 2003, ಸತತ ಮೂರನೆಯ ಬರ. ಜೀಪಿನ ಹಿಂದೆ ಗಾಡಿ ಕಟ್ಟಿ, ಅದರಲ್ಲಿ ಬ್ಯಾರಲ್ ಇಟ್ಟು, ಅಪ್ಪ ಲಿಂಬೆ ಗಿಡಗಳಿಗೆ ನೀರು ಹೊತ್ತರು. ನೀರನ್ನು ಕೊಂಡು ತರುತ್ತಿದ್ದರು. ಆ ದಸರೆಯಲ್ಲೂ ಜೀಪಿಗೆ ಬಿಳಿ ತಪ್ಪಲಿಲ್ಲ. ಅವರು ತೀರಿಕೊಂಡ ಮೇಲೆ ಟ್ರಂಕಿನಲ್ಲಿ ಸಾಲದ ಚೀಟಿಗಳು ಸಿಕ್ಕವು. ಒಂದೊಂದಾಗಿ, ವರ್ಷಗಟ್ಟಲೆ ತೀರಿಸಿದ್ದರು. ತಿಂಗಳು ತಿಂಗಳು ಪಗಾರ ಎಣಿಸುತ್ತಿದ್ದ ಮಗನಿಗೆ ಒಂದು ಮಾತು ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಜೀಪು ಹೊಳೆಯುತ್ತಿತ್ತಲ್ಲ, ಎಲ್ಲ ಸರಿಯಿದೆ ಎಂದುಕೊಂಡಿದ್ದೆ.

ಆಮೇಲೆ ನಾನು ಅವಸರ ಮಾಡಲಿಲ್ಲ. ಹೊಸ ತಗಡು ಬೆಸೆಸಿ, ನೀರಿನ ತೂತುಗಳನ್ನು ತೆರೆಸಿದೆ. ತುಕ್ಕು ಹಿಡಿದ ನಟ್ಟು ಬೋಲ್ಟುಗಳನ್ನು ನಮ್ಮದೇ ಲಿಂಬೆಯ ರಸದಲ್ಲಿ ರಾತ್ರಿಯಿಡೀ ನೆನೆಹಾಕಿದೆ. ಲಿಂಬೆಯ ಹುಳಿ ತುಕ್ಕನ್ನು ಕರಗಿಸುತ್ತದೆ. ತೊಳೆದು ಒಣಗಿಸಿ ಕೂಡಲೇ ಪ್ರೈಮರ್ ಹಚ್ಚಬೇಕು, ಇಲ್ಲದಿದ್ದರೆ ಮತ್ತೆ ಕೆಂಪೇರುತ್ತದೆ. ಪಾತ್ರೆ ನೋಡಿ ಚಾಚಾ, “ಉಪ್ಪಿನಕಾಯಿ ಹಾಕೀರೇನ್ರಿ?” ಎಂದು ನಕ್ಕ. ನಗು ಕೆಮ್ಮಿಗೆ ತಿರುಗಿ ಬಹಳ ಹೊತ್ತು ನಿಲ್ಲಲಿಲ್ಲ.

ಆ ಕೆಮ್ಮು ನನ್ನ ಪಿಯು ಆಸೆಯನ್ನು ತಡೆಯಿತು. ಅದರ ಹಾರ್ಡನರಿನಲ್ಲಿರುವ ಐಸೊಸೈನೇಟ್ ಉಸಿರಿನೊಳಗೆ ಹೋದರೆ ದಮ್ಮು ಹತ್ತಿಸಬಲ್ಲದು. ಹೊಡೆಯುವವನಿಗೆ ಕೊಳವೆಯಲ್ಲಿ ಶುದ್ಧ ಗಾಳಿ ಬರುವ ಮುಖವಾಡ ಬೇಕು. ಚಾಚಾನ ಬಳಿ ಇದ್ದದ್ದು ಒಂದು ಟವೆಲ್ಲು. “ಎಷ್ಟೋ ಗಾಡಿ ಹೊಡದೀನಿ, ಏನಾಗಂಗಿಲ್ರಿ” ಎಂದ. ನನ್ನ ಜೀಪಿನ ಹೊಳಪಿಗೆ ಅವನ ಪುಪ್ಪುಸದ ಲೆಕ್ಕ ಹಿಡಿಯುವುದು ಬೇಡವೆನ್ನಿಸಿತು.

ಕೊನೆಗೆ ನಾವು ಮಾಡಿದ್ದಿಷ್ಟು: ಬರಿಯ ಕಬ್ಬಿಣದ ಮೇಲೆ ಎಪಾಕ್ಸಿ ಪ್ರೈಮರ್. ಅದು ಕಬ್ಬಿಣವನ್ನು ಗಟ್ಟಿಯಾಗಿ ಹಿಡಿಯುತ್ತದೆ, ನೀರನ್ನು ತಡೆಯುತ್ತದೆ. ಬಿಸಿಲಿಗೆ ಮಾತ್ರ ಆಗದು, ಮೇಲೊಂದು ಹೊದಿಕೆ ಬೇಕು. ಆ ಹೊದಿಕೆಗೆ ಅಪ್ಪನ ಬಿಳಿ ಇನಾಮಲ್ಲೇ ಸಾಕಾಯಿತು. ಮುಳ್ಳು ಗೀರಿದರೆ ವಾಟರ್ ಪೇಪರಿನಿಂದ ತಿಕ್ಕಿ, ಬ್ರಷ್ಷಿನಿಂದ ನಾನೇ ಮುಟ್ಟಿಸಬಹುದು. ಬಾಳಿಕೆ ಬರುವ ಬಣ್ಣವೆಂದರೆ ಎಂದೂ ಗೀರು ಬೀಳದ ಬಣ್ಣ ಎಂದುಕೊಂಡಿದ್ದೆ. ಗೀರು ಬಿದ್ದದ್ದು ಕಾಣಬೇಕು, ಕಂಡದ್ದನ್ನು ತಿದ್ದಲು ಬರಬೇಕು. ನಮ್ಮಂಥವರಿಗೆ ಅದೇ ಬಾಳಿಕೆ.

ಈಗ ಮಹಾನವಮಿಗೆ ನಾನು ಮೊದಲು ಬ್ರಷ್ಷು ಹಿಡಿಯುವುದಿಲ್ಲ. ಜೀಪಿನ ಕೆಳಗೆ ತೂರಿ, ತೂತುಗಳೊಳಗಿನ ಎರೆಮಣ್ಣನ್ನು ಕಡ್ಡಿಯಿಂದ ತೆಗೆಯುತ್ತೇನೆ. ಕಳೆದ ಸಲ ಮಗ ಬಂದಿದ್ದ. ಮೈಯೆಲ್ಲ ಮಣ್ಣಾಗಿ ಹೊರಬಂದು, ಕೈ ತೊಳೆಯುವ ಮೊದಲೇ ಅವನನ್ನು ಕೇಳಿದೆ: “ಸಾಲಗೀಲ ಏನರ ಮಾಡೀಯೇನೋ?”

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಜೀಪಿನ ನೆರಳಿನಲ್ಲಿ ಕುಳಿತು ಹೇಳತೊಡಗಿದ.