ಏಳೆಂಟ್ಲೆ ಐವತ್ತಾರು

ಮಳೆಗಾಲದ ಒಂದು ಭಾನುವಾರ ಚಂದ್ರಂಪಳ್ಳಿ ಜಲಾಶಯ ತೋರಿಸುತ್ತೇನೆಂದು ಮಗಳಿಗೆ ಮಾತು ಕೊಟ್ಟಿದ್ದೆ. ಜೊತೆಗೊಂದು ಷರತ್ತನ್ನೂ ಇಟ್ಟಿದ್ದೆ: ಅಷ್ಟರೊಳಗೆ ಏಳರ ಮಗ್ಗಿ ಬಾಯಿಪಾಠ ಆಗಿರಬೇಕು.

ಶನಿವಾರ ಸಂಜೆ ಸೇಡಂನ ನಮ್ಮ ಮನೆಯ ಪಡಸಾಲೆಯಲ್ಲಿ ಕೂತು ಹೇಳಿಸತೊಡಗಿದೆ. ಏಳೇಳ್ಲೆ ನಲವತ್ತೊಂಬತ್ತರ ತನಕ ಸಲೀಸಾಗಿ ಬಂದಳು. ಏಳೆಂಟ್ಲೆ ಅನ್ನುತ್ತಲೇ ನಿಂತಳು. ಮತ್ತೆ ಮೊದಲಿಂದ ಹೇಳಿದಳು, ಮತ್ತೆ ಅಲ್ಲೇ ನಿಂತಳು. ನಾಲ್ಕನೇ ಸಲ ನನ್ನ ದನಿ ಏರಿತು, ಕೈಯೂ ಮೇಲೆದ್ದಿತು. ಹೊಡೆಯಲಿಲ್ಲ. ಆದರೆ ಅವಳು ಎರಡೂ ಕೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಳು.

ಹಾಗೆ ಕೈ ಬಚ್ಚಿಡುವುದು ನನಗೆ ಗೊತ್ತಿತ್ತು. ನಾಲ್ಕನೇ ಇಯತ್ತೆಯಲ್ಲಿ ನಾನೂ ಹಾಗೇ ನಿಂತಿದ್ದೆ. ಬೆರಳ ಗೆಣ್ಣಿನ ಮೇಲೆ ಛಡಿ ಬಿದ್ದು ಕಲಿತ ಮಗ್ಗಿ ಅದು. ಇವತ್ತಿಗೂ ಯಾರಾದರೂ ಏಳೆಂಟ್ಲೆ ಎಷ್ಟೆಂದು ಕೇಳಿದರೆ ಮನಸ್ಸಿನಲ್ಲೇ ಏಳೊಂದ್ಲೆ ಏಳರಿಂದ ಮೆಟ್ಟಿಲು ಹತ್ತುತ್ತೇನೆ. ಬಾಯಿಗೆ ಬಂದಿದ್ದು ಹಾಡು, ಲೆಕ್ಕ ಬಂದಿರಲಿಲ್ಲ.

"ನಿನಗ ಸಣ್ಣಾವಿದ್ದಾಗ ಬರ್ತಿತ್ತೇನಪ್ಪಾ?" ಎಂದಳು.

"ಇಲ್ಲವ್ವ," ಎಂದೆ.

ಪುಸ್ತಕ ಮುಚ್ಚಿದೆವು. ನಮ್ಮ ಪಡಸಾಲೆಗೆ ಶಹಾಬಾದ್ ಕಲ್ಲು ಹಾಸಿದೆ. ಸೀಮೆಸುಣ್ಣದಿಂದ ಸಾಲಿಗೆ ಏಳರಂತೆ ಎಂಟು ಸಾಲು ಕಲ್ಲುಗಳ ಸುತ್ತ ಗೆರೆ ಎಳೆದೆ. ಐದರ ಮಗ್ಗಿ ಅವಳಿಗೆ ಬರುತ್ತಿತ್ತು. ಐದು ಸಾಲಿಗೆ ಮೂವತ್ತೈದು ಎಂದಳು. ಉಳಿದ ಮೂರು ಸಾಲಿಗೆ ಇಪ್ಪತ್ತೊಂದು. ಕೂಡಿಸಿ ಐವತ್ತಾರು. ಆಮೇಲೆ ಪಕ್ಕದ ಗೋಡೆಯ ಕಡೆಗೆ ಹೋಗಿ ನಿಂತು ನೋಡಿದಳು. ಈಗ ಎಂಟು ಕಲ್ಲಿನ ಏಳು ಸಾಲು. "ಅದೇ ಕಲ್ಲು!" ಎಂದು ಕೂಗಿದಳು.

ಅದೇ ಕಲ್ಲು ಅನ್ನುವುದರಲ್ಲಿ ಅರ್ಧ ಭಾರ ಇಳಿಯಿತು. ಹತ್ತರ ತನಕದ ಮಗ್ಗಿಯಲ್ಲಿ 100 ಗುಣಾಕಾರಗಳಿವೆ. ತಿರುವು ಮುರುವಾದವನ್ನು ಒಂದೇ ಎಂದು ಎಣಿಸಿದರೆ 55. ಒಂದರದೂ ಹತ್ತರದೂ ಬಿಟ್ಟರೆ 36. ಬರುವ ಎರಡರದೂ ಐದರದೂ ತೆಗೆದರೆ ಉಳಿದದ್ದು 21. ಭಾಗಾಕಾರಕ್ಕೆ ಬೇರೆ ಮಗ್ಗಿ ಬೇಕಿಲ್ಲ. ಐವತ್ತಾರು ಕಲ್ಲು ಎಂಟು ಸಾಲಾದರೆ ಸಾಲಿಗೆಷ್ಟು ಎಂದು ಕೇಳಿದರೆ ಆಯಿತು.

ಆ 21ನ್ನು ಚೀಟಿಗಳಲ್ಲಿ ಬರೆದು ಡಬ್ಬಿಗೆ ಹಾಕಿದೆವು. ದಿನಕ್ಕೆ ಐದು ನಿಮಿಷ, ಕೈಗೆ ಬಂದ ಚೀಟಿ. ಬಾಯಿಪಾಠ ಬಿಡಲಿಲ್ಲ, ಅದು ಬೇಕೇ ಬೇಕು. ಆದರೆ ಮರೆತಾಗ ಹೋಗಿ ನಿಲ್ಲಲು ನೆಲ ಒಂದಿತ್ತು.

ಷರತ್ತು ಬಿಟ್ಟು ಮರುದಿನವೇ ಚಂದ್ರಂಪಳ್ಳಿಗೆ ಹೋದೆವು. ಗುಡ್ಡದ ನಡುವಿನ ನೀರು ನೋಡುತ್ತಾ ಬುತ್ತಿ ಬಿಚ್ಚಿದಾಗ ಅವಳಿಗೆ ಮಹಾವೀರಾಚಾರ್ಯನ ಕಥೆ ಹೇಳಿದೆ. ಕಲಬುರಗಿಗೆ ಹೋಗುವಾಗ ಮಳಖೇಡದ ಕೋಟೆಯನ್ನು ಅವಳು ನೋಡಿದ್ದಾಳೆ. ಅಲ್ಲಿಂದ ಆಳಿದ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು ಕ್ರಿ.ಶ. 850ರಲ್ಲಿ, ಆತ ಸಂಸ್ಕೃತದಲ್ಲಿ 'ಗಣಿತಸಾರಸಂಗ್ರಹ' ಬರೆದ. 152207ನ್ನು 73ರಿಂದ ಗುಣಿಸಿದರೆ ಎಂಟು ಒಂದುಗಳು ಮಾಲೆಯ ಹಾಗೆ ಬರುತ್ತವೆ. ಅಂಥ ಲೆಕ್ಕಗಳನ್ನು ಹೆಣೆದವನು. ಅಂಥವನೂ ಒಂದು ಕಡೆ ತಪ್ಪಿದ. ಯಾವ ಸಂಖ್ಯೆಯನ್ನೇ ಆಗಲಿ ಸೊನ್ನೆಯಿಂದ ಭಾಗಿಸಿದರೆ ಅದು ಹಾಗೇ ಉಳಿಯುತ್ತದೆ ಎಂದು ಬರೆದ.

"ಯಾರಿಗೂ ಹಂಚಲಿಲ್ಲಂದ್ರ ಹಂಗೇ ಉಳೀತಾವಲ್ಲಪ್ಪಾ?" ಎಂದು ಅವನ ಪರ ವಹಿಸಿದಳು.

"ಹಂಗಾದ್ರ ತಿರುಗಿಸಿ ಗುಣಿಸಿ ನೋಡು. ಐವತ್ತಾರು ಸೊನ್ನೆಲೆ ಎಷ್ಟು?"

"ಸೊನ್ನೆ." ತುಸು ಯೋಚಿಸಿದಳು. "ಐವತ್ತಾರು ವಾಪಸ್ ಬರಲ್ಲ." ಆಮೇಲೆ ಕೇಳಿದಳು: "ಅವಗ ಯಾರೂ ಹೊಡೀಲಿಲ್ಲೇನು?"

ನನ್ನ ಬಳಿ ಉತ್ತರವಿರಲಿಲ್ಲ. ರೊಟ್ಟಿ ಮುರಿದು ಅವಳ ಕೈಗಿಟ್ಟೆ.

ಈಗ ಚೀಟಿ ಎತ್ತುವವಳು ಅವಳು, ಉತ್ತರ ಹೇಳುವವನು ನಾನು. ಮೊನ್ನೆ ಐವತ್ತಾರನ್ನು ಏಳರಿಂದ ಭಾಗಿಸು ಎಂದಳು. ನಾನು ಮೆಟ್ಟಿಲು ಹತ್ತಲು ಶುರು ಮಾಡಿದ್ದು ಅವಳಿಗೆ ಗೊತ್ತಾಗಿರಬೇಕು. ಬೈಯಲಿಲ್ಲ. ಬೆರಳಿನಿಂದ ಮೆಲ್ಲಗೆ ನೆಲ ತೋರಿಸಿದಳು.